ಸೀಟು ತುಂಬಿದರೂ ಪೆಟ್ಟಿಗೆ ತುಂಬದ ವ್ಯಾಪಾರ

ನಾರಾವಿಯಿಂದ ಬೆಂಗಳೂರಿಗೆ ಹೊರಡುವವರು ಇಂದಿಗೂ ಹೆಚ್ಚಾಗಿ ನಂಬುವುದು ಬಸ್ಸನ್ನೇ. ವಿಮಾನವೇ ಬೇಕೆಂದವರು ಮೂಡಬಿದಿರೆಯ ಮೇಲಿಂದ ಬಜಪೆಗೆ ಹೋಗಬೇಕು. ಬೆಳ್ತಂಗಡಿ ತಾಲೂಕಿನ ಅಂಚಿನಲ್ಲಿ, ಕುದುರೆಮುಖದ ಬೆಟ್ಟಸಾಲಿನ ಬುಡದಲ್ಲಿ, ಸೂರ್ಯನಾರಾಯಣ ದೇವಸ್ಥಾನದಿಂದ ಹೆಸರಾದ ಈ ಊರಿಗೂ ದೇಶದ ವಿಮಾನ ಕಂಪೆನಿಗಳ ಲಾಭನಷ್ಟಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ದೇಶದ ಅತಿ ದೊಡ್ಡ ವಿಮಾನ ದಿವಾಳಿಗಳಲ್ಲಿ ಒಂದಕ್ಕೆ ಒಡೆಯರಾಗಿದ್ದವರ ಮನೆತನದ ಮೂಲ ಪಕ್ಕದ ಬಂಟ್ವಾಳ. ಆ ಕಂಪೆನಿಗೆ ಸಾಲ ಕೊಟ್ಟ ಬ್ಯಾಂಕುಗಳ ಸಾಲಿನಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕೊಂದೂ ಇತ್ತು. ಇಂದು ಆಕಾಶದಲ್ಲಿರುವ ಅತಿ ಕಿರಿಯ ದೊಡ್ಡ ಕಂಪೆನಿಗೆ ಬಂಡವಾಳ ಹಾಕಿದವರಲ್ಲಿ ಮಣಿಪಾಲದ ಪೈ ಮನೆತನದವರೂ ಇದ್ದಾರೆ.

ಆ ಕಿರಿಯ ಕಂಪೆನಿ ಆಕಾಸಾ ಏರ್. ಅದರ ಮೊದಲ ವಿಮಾನ 2022ರ ಆಗಸ್ಟ್ 7ರಂದು ಮುಂಬಯಿಯಿಂದ ಅಹಮದಾಬಾದಿಗೆ ಹಾರಿತು. ಮೂರೇ ವರ್ಷಗಳಲ್ಲಿ ವಿಮಾನಗಳ ಸಂಖ್ಯೆ ಮೂವತ್ತರ ಆಸುಪಾಸಿಗೆ ಬಂತು. ನಷ್ಟವೂ ಬೆಳೆಯಿತು. 2023-24ರಲ್ಲಿ ಸುಮಾರು 1,670 ಕೋಟಿ ರೂ., 2024-25ರಲ್ಲಿ ಸುಮಾರು 1,983 ಕೋಟಿ ರೂ. ಇಷ್ಟು ವೇಗವಾಗಿ ಬೆಳೆಯುವ, ಇಷ್ಟೇ ವೇಗವಾಗಿ ಹಣ ಕಳೆದುಕೊಳ್ಳುವ ಕಂಪೆನಿ ಬದುಕುಳಿದೀತೇ? ಈ ಪ್ರಶ್ನೆ ನಮ್ಮ ದೇಶದಲ್ಲಿ ಹೊಸತಲ್ಲ. ಎಪ್ಪತ್ತೈದು ವರ್ಷಗಳಿಂದ ಇದನ್ನು ಮತ್ತೆ ಮತ್ತೆ ಕೇಳಲಾಗಿದೆ. ಉತ್ತರ ಹುಡುಕುವವರು ಸಾಮಾನ್ಯವಾಗಿ ಪ್ರಯಾಣಿಕರ ಸಂಖ್ಯೆಯನ್ನು ನೋಡುತ್ತಾರೆ. ಆದರೆ ಹಳೆಯ ಲೆಕ್ಕಪುಸ್ತಕಗಳು ಬೇರೆಯೇ ಒಂದು ಪುಟವನ್ನು ತೋರಿಸುತ್ತವೆ: ನಷ್ಟದ ವರ್ಷಗಳಲ್ಲಿ ಖರ್ಚಿಗೆ ಹಣ ಕೊಟ್ಟವರು ಯಾರು, ಅವರು ಎಷ್ಟು ದಿನ ಕೊಟ್ಟರು?

ಡಕೋಟಾ ದಿನಗಳು

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಬಿಟ್ಟುಹೋದ ಡಕೋಟಾ ವಿಮಾನಗಳು ನಮ್ಮಲ್ಲಿ ಅಗ್ಗದ ಬೆಲೆಗೆ ದೊರೆಯತೊಡಗಿದವು. ವಿಮಾನ ಅಗ್ಗ, ಪೈಲಟರು ಯುದ್ಧದಿಂದ ಮರಳಿದವರು, ರಾಜ ಮಹಾರಾಜರಿಗೂ ವ್ಯಾಪಾರಿಗಳಿಗೂ ಹೊಸ ಉದ್ಯಮದ ಮೋಹ. ಒಂದರ ಹಿಂದೊಂದು ಕಂಪೆನಿ ಹುಟ್ಟಿತು. ಇರುವ ಪ್ರಯಾಣಿಕರನ್ನು ಅಷ್ಟೂ ಕಂಪೆನಿಗಳು ಹಂಚಿಕೊಂಡಾಗ ಯಾರ ಹೊಟ್ಟೆಯೂ ತುಂಬಲಿಲ್ಲ. ಅಂಬಿಕಾ, ಜ್ಯೂಪಿಟರ್ ಎಂಬ ಎರಡು ಕಂಪೆನಿಗಳು 1949ರ ಹೊತ್ತಿಗೇ ಮುಚ್ಚಿದವು. ಉಳಿದವುಗಳ ಸ್ಥಿತಿಗತಿ ಪರಿಶೀಲಿಸಲು ಸರಕಾರ 1950ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು.

ಬಜಪೆಯ ನಿಲ್ದಾಣ ತೆರೆದದ್ದು ಇದೇ ಕಾಲದಲ್ಲಿ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾದಲ್ಲಿ ಬಂದು ಇಲ್ಲಿ ಇಳಿದರು. ಎರಡು ವರ್ಷ ತುಂಬುವ ಮೊದಲೇ, 1953ರ ಆಗಸ್ಟ್ 1ರಂದು, ಎಂಟು ದೇಶೀಯ ಕಂಪೆನಿಗಳು ಒಂದಾಗಿ ಇಂಡಿಯನ್ ಏರ್‌ಲೈನ್ಸ್ ಆದವು. ಮುಂದೆ ನಾಲ್ಕು ದಶಕಗಳ ಕಾಲ ನಷ್ಟದ ಬಾಬ್ತು ಸರಕಾರದ್ದಾಯಿತು. ಕಂಪೆನಿ ಉಳಿದೀತೇ ಎಂಬ ಪ್ರಶ್ನೆಯೇ ಎದ್ದಿರಲಿಲ್ಲ. ವಿಮಾನ ಸಮಯಕ್ಕೆ ಬಂದೀತೇ ಎಂಬುದಷ್ಟೇ ಪ್ರಯಾಣಿಕರ ಚಿಂತೆ.

1990ರ ದಶಕದ ಆರಂಭದಲ್ಲಿ ಖಾಸಗಿಯವರಿಗೆ ಮತ್ತೆ ಬಾಗಿಲು ತೆರೆಯಿತು. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ತ್, ಎನ್‌ಇಪಿಸಿ ಎಂದು ಸಾಲು ಸಾಲಾಗಿ ಬಂದವು. ಆ ದಶಕ ಮುಗಿಯುವಾಗ ಅವುಗಳಲ್ಲಿ ಒಂದೂ ಇರಲಿಲ್ಲ. ಆ ತಲೆಮಾರಿನ ಖಾಸಗಿಯವರಲ್ಲಿ ಜೆಟ್ ಮತ್ತು ಸಹಾರಾ ಮಾತ್ರ ಉಳಿದವು. ಕೊನೆಗೆ ಸಹಾರಾವನ್ನು ಜೆಟ್ ಕೊಂಡಿತು. ಆ ಜೆಟ್ಟೂ 2019ರ ಏಪ್ರಿಲ್ 17ರಂದು ನಿಂತಿತು.

ಒಂದು ಚಿಕ್ಕ ಲೆಕ್ಕ

ಇಷ್ಟು ಕಂಪೆನಿಗಳು ಮುಳುಗಿದ್ದು ಬರೀ ಮಾಲೀಕರ ದಡ್ಡತನದಿಂದ ಎನ್ನುವುದು ಸುಲಭದ ಮಾತು. ಈ ವ್ಯಾಪಾರದ ಸ್ವಭಾವವೇ ಬೇರೆ. ಕರಾವಳಿಯವರಿಗೆ ಅದನ್ನು ವಿವರಿಸಲು ಮಲ್ಲಿಗೆ ಹೂವು ಸಾಕು. ಬೆಳಗ್ಗೆ ಕಟ್ಟಿದ ಚೆಂಡು ಸಂಜೆಯೊಳಗೆ ಮಾರಾಟವಾಗದಿದ್ದರೆ ನಾಳೆ ಅದಕ್ಕೆ ಬೆಲೆಯಿಲ್ಲ. ವಿಮಾನದ ಸೀಟು ಅದಕ್ಕಿಂತಲೂ ಬೇಗ ಬಾಡುತ್ತದೆ. ಬಾಗಿಲು ಮುಚ್ಚಿದ ಕ್ಷಣ ಖಾಲಿ ಸೀಟಿನ ಆಯುಸ್ಸು ಮುಗಿಯಿತು. ಆದ್ದರಿಂದ ಕೊನೆಗೆ ಬಂದಷ್ಟು ಬರಲಿ ಎಂದು ಕಡಿಮೆ ದರಕ್ಕೆ ಮಾರುವ ಆಸೆ ಎಲ್ಲರಿಗೂ ಇರುತ್ತದೆ. ಎಲ್ಲರೂ ಹಾಗೆ ಮಾಡಿದಾಗ ದರ ಕುಸಿಯುತ್ತದೆ, ಖರ್ಚು ಮಾತ್ರ ಕುಸಿಯುವುದಿಲ್ಲ.

ಉದಾಹರಣೆಗೆ 48 ಸೀಟಿನ ಒಂದು ಚಿಕ್ಕ ವಿಮಾನದ ಒಂದು ಸಲದ ಹಾರಾಟಕ್ಕೆ ಒಂದು ಲಕ್ಷ ರೂಪಾಯಿ ಖರ್ಚು ಎಂದಿಟ್ಟುಕೊಳ್ಳೋಣ. ಟಿಕೇಟಿಗೆ 2,500 ರೂ. ದರವಾದರೆ 40 ಸೀಟು ತುಂಬಿದಾಗ ಖರ್ಚು ಹುಟ್ಟುತ್ತದೆ. ಈಗ ಜನರನ್ನು ಸೆಳೆಯಲು ಅರ್ಧ ಸೀಟುಗಳನ್ನು ಸಾವಿರ ರೂಪಾಯಿಗೆ ಮಾರಿದರೆ? 24 ಸೀಟಿನಿಂದ 24,000, ಉಳಿದ 24ರಿಂದ 60,000, ಒಟ್ಟು 84,000 ರೂ. ವಿಮಾನ ಪೂರ್ತಿ ತುಂಬಿದೆ, ನಿಲ್ದಾಣದಲ್ಲಿ ಸಾಲುಗಟ್ಟಿದ ಜನ, ಪತ್ರಿಕೆಯಲ್ಲಿ ಹೊಗಳಿಕೆ. ಆದರೆ ಪೆಟ್ಟಿಗೆಯಲ್ಲಿ 16,000 ರೂ. ಕೊರತೆ. ಇಂಥ ಹಾರಾಟ ದಿನಕ್ಕೆ ಹತ್ತಾದರೆ ಕೊರತೆ ಒಂದು ಲಕ್ಷ ಅರವತ್ತು ಸಾವಿರ, ನೂರಾದರೆ ಹದಿನಾರು ಲಕ್ಷ. ಬೆಳವಣಿಗೆ ಎಂದರೆ ಇಲ್ಲಿ ಕೊರತೆಯ ಬೆಳವಣಿಗೆಯೂ ಹೌದು.

ಹಾಗಿದ್ದರೂ ಕಂಪೆನಿ ಕೂಡಲೇ ನಿಲ್ಲುವುದಿಲ್ಲ. ಕಾರಣ, ಪ್ರಯಾಣಿಕ ಇಂದು ದುಡ್ಡು ಕೊಟ್ಟು ಎರಡು ತಿಂಗಳ ಮೇಲೆ ಪ್ರಯಾಣ ಮಾಡುತ್ತಾನೆ. ಇಂಧನದವರು ಕೆಲವು ವಾರಗಳ ಉದ್ರಿ ಕೊಡುತ್ತಾರೆ. ವಿಮಾನ ಹೊಸದಾದ್ದರಿಂದ ಮೊದಲ ಕೆಲವು ವರ್ಷ ದೊಡ್ಡ ರಿಪೇರಿ ಬರುವುದಿಲ್ಲ. ಒಮ್ಮೆಲೇ ಹತ್ತಾರು ವಿಮಾನಗಳಿಗೆ ಆರ್ಡರು ಕೊಟ್ಟರೆ ತಯಾರಕರು ಬೆಲೆ ಇಳಿಸುತ್ತಾರೆ. ಆ ವಿಮಾನವನ್ನು ಕೈಗೆ ಬಂದ ದಿನವೇ ಹೆಚ್ಚಿನ ಬೆಲೆಗೆ ಬಾಡಿಗೆ ಸಂಸ್ಥೆಯೊಂದಕ್ಕೆ ಮಾರಿ, ಅವರಿಂದಲೇ ಬಾಡಿಗೆಗೆ ಪಡೆಯುವ ಪದ್ಧತಿಯೂ ಇದೆ. ಮಧ್ಯದ ವ್ಯತ್ಯಾಸ ರೊಕ್ಕವಾಗಿ ಕೈಸೇರುತ್ತದೆ. ಹೀಗೆ ಬೆಳೆಯುತ್ತಿರುವಷ್ಟು ದಿನ ಹೊಸ ಹಣ ಬಂದು ಹಳೆಯ ಕೊರತೆಯನ್ನು ಮುಚ್ಚುತ್ತದೆ. ಬೆಳವಣಿಗೆ ಒಂದು ತಿಂಗಳು ತಡವರಿಸಿತೋ, ತಳ ಕಾಣುತ್ತದೆ.

ಭಾರತದಲ್ಲಿ ಇದಕ್ಕೆ ಇನ್ನೆರಡು ತೊಡಕುಗಳಿವೆ. ಒಂದು ಇಂಧನ. ಕಚ್ಚಾತೈಲ ದುಬಾರಿಯಾದ ವರ್ಷಗಳಲ್ಲಿ ಕಂಪೆನಿಯ ಖರ್ಚಿನ ಶೇಕಡ 40ರಷ್ಟನ್ನು ಅದೇ ನುಂಗುತ್ತದೆ, ಅದರ ಮೇಲೆ ರಾಜ್ಯಗಳ ತೆರಿಗೆ ಬೇರೆ. ಇನ್ನೊಂದು ಡಾಲರು. ಟಿಕೇಟು ಮಾರುವುದು ರೂಪಾಯಿಯಲ್ಲಿ, ವಿಮಾನದ ಬಾಡಿಗೆಯನ್ನೂ ಬಿಡಿಭಾಗದ ಬೆಲೆಯನ್ನೂ ಕಟ್ಟುವುದು ಡಾಲರಿನಲ್ಲಿ. ರೂಪಾಯಿ ಇಳಿದಾಗಲೆಲ್ಲ ಯಾವ ತಪ್ಪೂ ಮಾಡದ ಕಂಪೆನಿಗೂ ದಂಡ ಬೀಳುತ್ತದೆ.

ಗೊರೂರಿನ ಕ್ಯಾಪ್ಟನ್

ಈ ಲೆಕ್ಕವನ್ನೆಲ್ಲ ಕರ್ನಾಟಕ ಕಣ್ಣಾರೆ ಕಂಡದ್ದು ಏರ್ ಡೆಕ್ಕನ್ ಕಾಲದಲ್ಲಿ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಜಿ.ಆರ್. ಗೋಪಿನಾಥ್ ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೈನ್ಯ ಸೇರಿ, 1971ರ ಯುದ್ಧವನ್ನು ಕಂಡು, ಮರಳಿ ಬಂದು ಜಾವಗಲ್ ಬಳಿ ಬೇಸಾಯ ಮಾಡಿದವರು. ರೇಷ್ಮೆ ಕೃಷಿಯ ಪ್ರಯೋಗಕ್ಕೆ 1996ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂದಿತ್ತು. ಮೊದಲು ಗೆಳೆಯರೊಡನೆ ಹೆಲಿಕಾಪ್ಟರ್ ಬಾಡಿಗೆಯ ಕಂಪೆನಿ ಕಟ್ಟಿದರು. 2003ರ ಆಗಸ್ಟಿನಲ್ಲಿ ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಏರ್ ಡೆಕ್ಕನ್ ಶುರುವಾಯಿತು. ವಿಮಾನ 48 ಸೀಟಿನ ಎ.ಟಿ.ಆರ್.-42.

ಚಿಕ್ಕ ವಿಮಾನವನ್ನೇ ಆರಿಸಿದ್ದರಲ್ಲಿ ಜಾಣತನವಿತ್ತು. ಚಿಕ್ಕ ವಿಮಾನಗಳ ಇಂಧನಕ್ಕೆ ಮಾರಾಟ ತೆರಿಗೆ ಶೇಕಡ 4 ಮಾತ್ರ. ನಿಲ್ದಾಣದಲ್ಲಿ ಇಳಿಯುವ ಶುಲ್ಕದಿಂದ ಅವಕ್ಕೆ ವಿನಾಯಿತಿ. ಊಟವಿಲ್ಲ, ನೀರಿಗೂ ದುಡ್ಡು. ಟಿಕೇಟು ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿತು, ಅಂಚೆ ಕಚೇರಿಯಲ್ಲಿಯೂ ಸಿಕ್ಕಿತು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ ಕಂಪೆನಿಯ ಗುರುತಾದ. ಒಂದು ರೂಪಾಯಿಯ ಟಿಕೇಟು ಎಂಬ ಮಾತು ಹಳ್ಳಿಹಳ್ಳಿಗೂ ಹೋಯಿತು. ಬಾಟಲಿ ನೀರಿಗೂ ಕಾಸು ಕೇಳುತ್ತಾರೆಂದು ಮೂಗು ಮುರಿದವರೂ ಅದರಲ್ಲೇ ಹೋದರು. ಮೊದಲ ಸಲ ವಿಮಾನ ಹತ್ತಿದ ಸಾವಿರಾರು ಕುಟುಂಬಗಳಿಗೆ ಆ ಕಂಪೆನಿಯ ಹೆಸರು ಇನ್ನೂ ನೆನಪಿದೆ. ಬಜಪೆಗೂ ಅದು ಬಂತು.

2007ರ ಹೊತ್ತಿಗೆ ಡೆಕ್ಕನ್ ಬಳಿ ನಲವತ್ತಕ್ಕೂ ಹೆಚ್ಚು ವಿಮಾನಗಳು, ಅರುವತ್ತಕ್ಕೂ ಹೆಚ್ಚು ಊರುಗಳು. ದೇಶದ ಐದು ಮಂದಿ ವಿಮಾನ ಪ್ರಯಾಣಿಕರಲ್ಲಿ ಸುಮಾರು ಒಬ್ಬ ಅದರಲ್ಲಿ ಹಾರುತ್ತಿದ್ದ. ನಾಲ್ಕು ವರ್ಷದ ಕೂಸಿಗೆ ಇದು ಕಡಿಮೆ ಸಾಧನೆಯಲ್ಲ. ಆದರೆ 2005-06ನೇ ಸಾಲಿನಲ್ಲೇ ನಷ್ಟ 300 ಕೋಟಿ ರೂ. ದಾಟಿತ್ತು. 2006ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ಷೇರು ಮಾರಲು ಹೊರಟಾಗ ಷೇರುಪೇಟೆ ಕುಸಿಯಿತು. ಅರ್ಜಿ ಹಾಕುವ ಅವಧಿಯನ್ನು ಮುಂದೂಡಬೇಕಾಯಿತು. 148 ರೂಪಾಯಿಗೆ ಕೊಟ್ಟ ಷೇರು ಪೇಟೆಗೆ ಬಂದ ದಿನವೇ ಅದಕ್ಕಿಂತ ಬಹಳ ಕೆಳಗಿಳಿಯಿತು. ಅದೇ ವರ್ಷದ ಆಗಸ್ಟ್ 4ರಂದು ಇಂಡಿಗೋ ಹಾರಾಟ ಆರಂಭಿಸಿತು. ಅಗ್ಗದ ದರ ಎಂಬ ಮಂತ್ರ ಇನ್ನು ಡೆಕ್ಕನ್ ಒಬ್ಬರದೇ ಆಗಿರಲಿಲ್ಲ.

ಗೋಪಿನಾಥರ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅವರು ಪ್ರಯಾಣಿಕರ ಬಗ್ಗೆ ಮಾಡಿದ ಅಂದಾಜು ಸರಿಯಾಗಿಯೇ ಇತ್ತು. ಅಗ್ಗವಾದರೆ ಜನ ಹಾರುತ್ತಾರೆ ಎಂದರು, ಹಾರಿದರು. ತಪ್ಪಿದ್ದು ಕಾಲದ ಅಂದಾಜು. ಜನರ ಅಭ್ಯಾಸ ಬದಲಾಗಿ, ದರ ಒಂದು ಹದಕ್ಕೆ ಬಂದು, ಖರ್ಚು ಹುಟ್ಟುವಷ್ಟರವರೆಗೆ ಕಾಯಲು ಬೇಕಾದ ಹಣ ಅವರಲ್ಲಿರಲಿಲ್ಲ. ಕಾಯುವ ಶಕ್ತಿ ತಮಗಿದೆ ಎಂದುಕೊಂಡವರು ಬೆಂಗಳೂರಿನಲ್ಲೇ ಇನ್ನೊಬ್ಬರಿದ್ದರು.

ಬಂಟ್ವಾಳದ ಹೆಸರು

ಬಂಟ್ವಾಳ ಗಣಪತಿ ಮಲ್ಯರು ಸೈನ್ಯದಲ್ಲಿ ವೈದ್ಯಾಧಿಕಾರಿಯಾಗಿದ್ದರು. ಅವರ ಮಗ ವಿಠಲ ಮಲ್ಯರು 1924ರಲ್ಲಿ ಢಾಕಾದಲ್ಲಿ ಹುಟ್ಟಿದವರು. ಯುನೈಟೆಡ್ ಬ್ರೂವರೀಸ್ ಕಂಪೆನಿಯ ಷೇರುಗಳನ್ನು ಸದ್ದಿಲ್ಲದೆ ಕೊಂಡು, 1947ರಲ್ಲಿ ಅದರ ನಿರ್ದೇಶಕರಾಗಿ, ಒಂದೊಂದೇ ಮದ್ಯದ ಕಾರ್ಖಾನೆಯನ್ನು ಕೂಡಿಸುತ್ತ ಹೋದರು. ಮಾತು ಕಡಿಮೆ, ಲೆಕ್ಕ ಬಿಗಿ ಎಂದು ಹೆಸರಾದವರು. 1983ರಲ್ಲಿ ಅವರು ತೀರಿಕೊಂಡಾಗ ಮಗ ವಿಜಯ ಮಲ್ಯರಿಗೆ ಇಪ್ಪತ್ತೇಳರ ಪ್ರಾಯ. ಮಗನ ರೀತಿಯೇ ಬೇರೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಕಿಂಗ್‌ಫಿಶರ್ ಏರ್‌ಲೈನ್ಸ್ 2005ರ ಮೇ 9ರಂದು ಹಾರತೊಡಗಿತು. ಪ್ರಯಾಣಿಕರನ್ನು ‘ಅತಿಥಿಗಳು’ ಎಂದೇ ಕರೆಯಬೇಕೆಂದು ಅಲ್ಲಿ ನಿಯಮ. ಪ್ರತಿ ಸೀಟಿನೆದುರು ಪುಟ್ಟ ಟಿ.ವಿ., ಬಿಸಿ ಊಟ, ಕೆಂಪು ಉಡುಪಿನ ಸಿಬ್ಬಂದಿ. ಮೊದಲ ವರ್ಷವೇ ಎರಡಂತಸ್ತಿನ ಎ-380 ವಿಮಾನ ಐದಕ್ಕೆ ಆರ್ಡರು ಹೋಯಿತು. ಅವು ಎಂದೂ ಬರಲಿಲ್ಲ. ವಿದೇಶಕ್ಕೆ ಹಾರಬೇಕೆಂಬುದು ಮಲ್ಯರ ಆತುರ. ಆದರೆ ಐದು ವರ್ಷ ದೇಶದೊಳಗೆ ಹಾರಿದ, ಇಪ್ಪತ್ತು ವಿಮಾನ ಹೊಂದಿದ ಕಂಪೆನಿಗೆ ಮಾತ್ರ ಆ ಪರವಾನಿಗೆ ಎಂದು ಆಗಿನ ಸರಕಾರದ ನಿಯಮ. ಡೆಕ್ಕನ್‌ಗೆ 2008ರ ಆಗಸ್ಟಿಗೆ ಐದು ವರ್ಷ ತುಂಬುವುದಿತ್ತು.

2007ರ ಬೇಸಿಗೆಯಲ್ಲಿ ಮಲ್ಯರ ಸಮೂಹ ಡೆಕ್ಕನ್‌ನ ಶೇಕಡ 26 ಷೇರನ್ನು 550 ಕೋಟಿ ರೂ. ಕೊಟ್ಟು ಕೊಂಡಿತು. ಮರುವರ್ಷ ಎರಡೂ ಒಂದಾದವು. ಕಾಗದದ ಮೇಲೆ ಕಿಂಗ್‌ಫಿಶರೇ ಡೆಕ್ಕನ್ ಒಳಗೆ ಸೇರಿ, ಆಮೇಲೆ ಹೆಸರು ಬದಲಾಯಿತು. ಆ ಐದು ವರ್ಷದ ವಯಸ್ಸಿಗಾಗಿ ಕೊಟ್ಟ ಬೆಲೆ ಅದು ಎಂದರೂ ನಡೆದೀತು. 2008ರ ಸೆಪ್ಟೆಂಬರ್ 3ರಂದು ಬೆಂಗಳೂರು-ಲಂಡನ್ ಹಾರಾಟ ಶುರುವಾಯಿತು.

ಎಂಥ ಮುಹೂರ್ತ! ಆ ಜುಲೈಯಲ್ಲಷ್ಟೇ ಕಚ್ಚಾತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತ್ತು. 2007ರ ಕೊನೆಯಲ್ಲಿ 39 ರೂಪಾಯಿಗೆ ಸಿಗುತ್ತಿದ್ದ ಡಾಲರು ಒಂದೇ ವರ್ಷದಲ್ಲಿ 50ರ ಹತ್ತಿರ ಬಂತು. ಅಮೆರಿಕದ ಬ್ಯಾಂಕುಗಳು ಉರುಳಿದವು, ಕಂಪೆನಿಗಳವರು ಪ್ರಯಾಣ ಕಡಿಮೆ ಮಾಡಿದರು. ಇತ್ತ ಡೆಕ್ಕನ್‌ನ ಹಳೆಯ ವಿಮಾನಗಳಿಗೆ ‘ಕಿಂಗ್‌ಫಿಶರ್ ರೆಡ್’ ಎಂದು ಹೆಸರಿಟ್ಟು ಅಗ್ಗದ ಸೇವೆ ಮುಂದುವರಿಸಿದ್ದರಿಂದ ಇನ್ನೊಂದು ತೊಂದರೆ ಬಂತು. ಹೆಸರೂ ಬಣ್ಣವೂ ಒಂದೇ ಆದಮೇಲೆ ಹೆಚ್ಚು ದುಡ್ಡು ಕೊಟ್ಟು ಹೋಗುತ್ತಿದ್ದವರೂ ಅಗ್ಗದ ಟಿಕೇಟನ್ನೇ ಕೊಂಡರು. ಒಂದೇ ಮನೆಯ ಎರಡು ಅಂಗಡಿಗಳು ಪರಸ್ಪರ ಗಿರಾಕಿಯನ್ನು ಕಸಿದಂತಾಯಿತು.

2008-09ರಲ್ಲಿ ನಷ್ಟ 1,609 ಕೋಟಿ ರೂ., ಮರುವರ್ಷ 1,647 ಕೋಟಿ, ಅದರ ಮರುವರ್ಷ 1,027 ಕೋಟಿ, 2011-12ರಲ್ಲಿ 2,328 ಕೋಟಿ. ಕಿಂಗ್‌ಫಿಶರ್ ಒಂದು ವರ್ಷವೂ ಲಾಭ ಕಾಣಲಿಲ್ಲ. ಆದರೂ ದೇಶದ ಎರಡನೆಯ ಅತಿ ದೊಡ್ಡ ಕಂಪೆನಿಯಾಗಿ 2011ರವರೆಗೂ ಹಾರುತ್ತಿತ್ತು. ಯಾರ ದುಡ್ಡಿನಲ್ಲಿ?

ಹೆಚ್ಚಿನ ಪಾಲು ಬ್ಯಾಂಕುಗಳ ದುಡ್ಡಿನಲ್ಲಿ. ಸ್ಟೇಟ್ ಬ್ಯಾಂಕಿನ ಮುಂದಾಳ್ತನದ ಹದಿನೇಳು ಬ್ಯಾಂಕುಗಳ ಕೂಟ ಅದು. ಅದರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಇತ್ತು, ಕಾರ್ಪೊರೇಶನ್ ಬ್ಯಾಂಕೂ ಇತ್ತು. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳ್ತನದಲ್ಲಿ ಉಡುಪಿಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಮುಖ್ಯ ಕಚೇರಿ ಹೊಂದಿದ್ದ ಸಂಸ್ಥೆ. ಅಡಿಕೆ ಮಾರಿದ ಹಣ, ಮುಂಬಯಿಯ ಹೋಟೇಲಿನಿಂದ ಮಗ ಕಳಿಸಿದ ಹಣ, ಮಗಳ ಮದುವೆಗೆಂದು ಕೂಡಿಸಿದ ಹಣ ಠೇವಣಿಯಾಗುತ್ತಿದ್ದ ಕೌಂಟರುಗಳು ಅದರವು. ಠೇವಣಿದಾರರಿಗೆ ಇದರಿಂದ ಒಂದು ಪೈಸೆಯೂ ಕಡಿಮೆಯಾಗಲಿಲ್ಲ ಎಂಬುದು ನಿಜ. ಆದರೆ ಸರಕಾರಿ ಬ್ಯಾಂಕಿನ ಸಾಲ ಮುಳುಗಿದಾಗ ಆ ಗುಂಡಿಯನ್ನು ತುಂಬುವುದು ಕೊನೆಗೆ ತೆರಿಗೆಯ ಹಣವೇ.

ಸಾಲ ತೀರಿಸಲಾಗದ ಕಂಪೆನಿಗೆ 2010ರಲ್ಲಿ ಬ್ಯಾಂಕುಗಳು ಹೊಸ ಗಡುವು ಕೊಟ್ಟವು. 2011ರಲ್ಲಿ ಸಾಲದ ಒಂದು ಭಾಗವನ್ನು ಷೇರಾಗಿ ಬದಲಿಸಿಕೊಂಡವು. ಷೇರಿಗೆ 64 ರೂ. 48 ಪೈಸೆಯ ಲೆಕ್ಕ. ಆಗ ಪೇಟೆಯಲ್ಲಿ ಅದೇ ಷೇರು ಸುಮಾರು 40 ರೂಪಾಯಿಗೆ ಸಿಗುತ್ತಿತ್ತು! ಹೊಲ ಅಡವಿಟ್ಟು ಕೃಷಿಸಾಲ ಪಡೆದ ಯಾರಿಗೂ ಯಾವ ಬ್ಯಾಂಕೂ ಇಂಥ ಔದಾರ್ಯ ತೋರಿದ್ದಿಲ್ಲ. ಸಾಲಕ್ಕೆ ಆಧಾರವಾಗಿ ಇಟ್ಟಿದ್ದ ಆಸ್ತಿಗಳಲ್ಲಿ ‘ಕಿಂಗ್‌ಫಿಶರ್’ ವಿಮಾನ ಸೇವೆಯ ಹೆಸರೂ ಒಂದು. ಅದರ ಬೆಲೆಯನ್ನು ಒಂದು ಕಾಲದಲ್ಲಿ 4,000 ಕೋಟಿ ರೂ.ಗೂ ಮೇಲೆ ಕಟ್ಟಲಾಗಿತ್ತು. 2016ರ ಏಪ್ರಿಲಿನಲ್ಲಿ ಬ್ಯಾಂಕುಗಳು ಅದನ್ನು 366 ಕೋಟಿ 70 ಲಕ್ಷ ರೂ. ಮೂಲ ಬೆಲೆಗೆ ಹರಾಜಿಗಿಟ್ಟವು. ಒಬ್ಬನೂ ಕೂಗಲಿಲ್ಲ. ಹಾರದ ವಿಮಾನದ ಹೆಸರನ್ನು ಯಾರು ಕೊಂಡಾರು?

ಕೊನೆಯ ದಿನಗಳು ಹೇಗೆ ಬಂದವು ಎಂಬುದು ನೋಡತಕ್ಕ ಸಂಗತಿ. ಸಾಮಾನ್ಯವಾಗಿ ವಿಮಾನ ಕಂಪೆನಿಯನ್ನು ಪ್ರಯಾಣಿಕರು ಮೊದಲು ಬಿಡುವುದಿಲ್ಲ. ಮೊದಲು ಕೈಬಿಡುವುದು ಉದ್ರಿ ಕೊಟ್ಟವರು. 2011ರಲ್ಲಿ ತೈಲ ಕಂಪೆನಿಗಳು ರೊಕ್ಕ ಕೊಟ್ಟರೆ ಮಾತ್ರ ಇಂಧನ ಎಂದವು. ವಿಮಾನ ಬಾಡಿಗೆ ಕೊಟ್ಟವರು ಒಂದೊಂದನ್ನೇ ಹಿಂದೆ ಒಯ್ದರು. ನೌಕರರ ಸಂಬಳದಿಂದ ಮುರಿದ ಆದಾಯ ತೆರಿಗೆಯನ್ನು ಕಟ್ಟಲಿಲ್ಲವೆಂದು ಇಲಾಖೆ ಬ್ಯಾಂಕ್ ಖಾತೆಗಳನ್ನು ತಡೆಹಿಡಿಯಿತು. ವಿಮಾನ ಕಡಿಮೆಯಾದಂತೆ ಹಾರಾಟ ರದ್ದು, ರದ್ದಾದಂತೆ ಮುಂಗಡ ಟಿಕೇಟು ಕೊಳ್ಳುವವರು ಇಲ್ಲ. 2012ರ ಅಕ್ಟೋಬರ್ ಹೊತ್ತಿಗೆ ನೌಕರರಿಗೆ ಸುಮಾರು ಏಳು ತಿಂಗಳ ಸಂಬಳ ಬಾಕಿ. ಎಂಜಿನಿಯರುಗಳು, ಪೈಲಟರು ಕೆಲಸ ನಿಲ್ಲಿಸಿದರು. ಆ ತಿಂಗಳ 20ರಂದು ಪರವಾನಿಗೆ ಅಮಾನತಾಯಿತು. ಕರಾವಳಿಯ ಎಷ್ಟೋ ಮನೆಗಳಿಂದ ಬೆಂಗಳೂರು, ಮುಂಬಯಿಗೆ ಹೋಗಿ ಇಂಥ ಕಂಪೆನಿಗಳ ಕೌಂಟರಿನಲ್ಲೋ ಸರಕು ವಿಭಾಗದಲ್ಲೋ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿದ್ದಾರೆ. ದಿವಾಳಿಯ ಕತೆಯಲ್ಲಿ ಅವರ ಬಾಕಿ ಸಂಬಳದ ಸಾಲು ಯಾವಾಗಲೂ ಅಡಿಟಿಪ್ಪಣಿಯಲ್ಲಿರುತ್ತದೆ.

ವಿಜಯ ಮಲ್ಯರು 2016ರ ಮಾರ್ಚ್ 2ರಂದು ದೇಶ ಬಿಟ್ಟರು. 2019ರ ಜನವರಿಯಲ್ಲಿ ನ್ಯಾಯಾಲಯ ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಅವರಿಗೆ ಸೇರಿದ ಆಸ್ತಿಗಳಿಂದ 14,131 ಕೋಟಿ ರೂ.ಗಳಷ್ಟನ್ನು ಬ್ಯಾಂಕುಗಳಿಗೆ ಮರಳಿಸಲಾಗಿದೆ ಎಂದು ಕೇಂದ್ರ ಹಣಕಾಸು ಸಚಿವೆ 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿದರು. ಕೊಡಬೇಕಾದ್ದಕ್ಕಿಂತ ಹೆಚ್ಚೇ ವಸೂಲಾಗಿದೆ ಎಂಬುದು ಮಲ್ಯರ ವಾದ. ಆ ಲೆಕ್ಕ ಕೇಳಿ 2025ರಲ್ಲಿ ಅವರು ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕರು. ಇದರಲ್ಲಿ ಗಮನಿಸಬೇಕಾದ ವಿಷಯ ಬೇರೆಯದೇ ಇದೆ. ಬ್ಯಾಂಕುಗಳಿಗೆ ಮರಳಿದ ಹಣದ ದೊಡ್ಡ ಪಾಲು ವಿಮಾನದಿಂದ ಬಂದದ್ದಲ್ಲ. 2021ರ ಜೂನಿನಲ್ಲಿ ಯುನೈಟೆಡ್ ಬ್ರೂವರೀಸ್ ಷೇರುಗಳನ್ನು ಮಾರಿದ್ದರಿಂದಲೇ 5,800 ಕೋಟಿ ರೂ.ಗೂ ಹೆಚ್ಚು ಬಂತು. ಕೊಂಡವರು ಹಾಲೆಂಡಿನ ಹೈನೆಕೆನ್. ತಂದೆ ಮೂವತ್ತೈದು ವರ್ಷ ಕೂಡಿಸಿದ ಬಿಯರ್ ಕಂಪೆನಿ ಮಗನ ವಿಮಾನದ ಸಾಲಕ್ಕೆ ಹೋಯಿತು.

ಹಾಗಾದರೆ ಇಂಡಿಗೋ ಹೇಗೆ ಉಳಿಯಿತು ಎಂಬ ಪ್ರಶ್ನೆ ಸಹಜ. ಹಾರುವ ಮೊದಲೇ, 2005ರಲ್ಲಿ, ಅದು ನೂರು ಎ-320 ವಿಮಾನಗಳಿಗೆ ಒಟ್ಟಿಗೆ ಆರ್ಡರು ಕೊಟ್ಟು ಬೆಲೆಯನ್ನು ಇಳಿಸಿಕೊಂಡಿತು. ಬಹುಕಾಲ ಒಂದೇ ಜಾತಿಯ ವಿಮಾನ ಇಟ್ಟುಕೊಂಡಿತು. ಪೈಲಟನ ತರಬೇತಿ ಒಂದೇ, ಬಿಡಿಭಾಗದ ಗೋದಾಮು ಒಂದೇ. ಕಿಂಗ್‌ಫಿಶರಿನಲ್ಲಿ ಚಿಕ್ಕ ಎ.ಟಿ.ಆರ್.ನಿಂದ ಲಂಡನ್ನಿಗೆ ಹೋಗುವ ಎ-330ರವರೆಗೆ ಬಗೆಬಗೆಯವು ಇದ್ದವು. ಇಂಡಿಗೋ ಊಟ ಕೊಡಲಿಲ್ಲ, ಲಂಡನ್ನಿನ ಕನಸನ್ನೂ ಮೊದಲು ಕಾಣಲಿಲ್ಲ. ನೀರಸವಾದ ಜಾಣತನ ಇದು. ಪ್ರತಿಸ್ಪರ್ಧಿಗಳು ಒಬ್ಬೊಬ್ಬರಾಗಿ ಬಿದ್ದದ್ದೂ ಅದಕ್ಕೆ ಅನುಕೂಲವೇ ಆಯಿತು. 2025ರಲ್ಲಿ ದೇಶದೊಳಗಿನ ಪ್ರಯಾಣಿಕರಲ್ಲಿ ಶೇಕಡ 60ಕ್ಕೂ ಹೆಚ್ಚು ಮಂದಿ ಅದರವರು. ಇದರ ಇನ್ನೊಂದು ಮುಖವನ್ನು ಜನ ಅದೇ ವರ್ಷದ ಡಿಸೆಂಬರಿನಲ್ಲಿ ಕಂಡರು. ಪೈಲಟರ ವಿಶ್ರಾಂತಿಯ ಹೊಸ ನಿಯಮಕ್ಕೆ ಆ ಒಂದು ಕಂಪೆನಿ ಸಜ್ಜಾಗದಿದ್ದುದಕ್ಕೆ ಸಾವಿರಾರು ಹಾರಾಟ ರದ್ದಾಗಿ ಇಡೀ ದೇಶದ ನಿಲ್ದಾಣಗಳಲ್ಲಿ ಜನ ನೆಲದ ಮೇಲೆ ಮಲಗಿದರು.

ಮಣಿಪಾಲದ ಹಣ

ಆದ್ದರಿಂದಲೇ ಆಕಾಸಾ ಉಳಿಯುವುದೋ ಇಲ್ಲವೋ ಎಂಬುದು ಅದರ ಮಾಲೀಕರಿಗೆ ಮಾತ್ರ ಸೇರಿದ ಚಿಂತೆಯಲ್ಲ. ಕಂಪೆನಿ ಹಿಂದಿನವರಿಂದ ಕೆಲವು ಪಾಠಗಳನ್ನು ಕಲಿತಂತಿದೆ. ಒಂದೇ ಜಾತಿಯ ವಿಮಾನ, ಬೋಯಿಂಗ್ 737 ಮ್ಯಾಕ್ಸ್. ಆರ್ಡರು ಒಟ್ಟು 226. ಆದರೆ ಒಂದೇ ಜಾತಿ ಎಂದರೆ ಒಬ್ಬನೇ ತಯಾರಕನ ಹಣೆಬರಹಕ್ಕೆ ಕಟ್ಟುಬಿದ್ದಂತೆಯೂ ಹೌದು. 2024ರ ಜನವರಿಯಲ್ಲಿ ಅಮೆರಿಕದಲ್ಲಿ ಹಾರುತ್ತಿದ್ದ ಮ್ಯಾಕ್ಸ್ ವಿಮಾನವೊಂದರ ಬಾಗಿಲಿನ ಜಾಗದ ಮುಚ್ಚಳವೇ ಕಳಚಿಬಿತ್ತು. ತನಿಖೆ, ನಿರ್ಬಂಧ, ಆಮೇಲೆ ಕಾರ್ಮಿಕರ ಮುಷ್ಕರ. ವಿಮಾನಗಳು ತಡವಾದವು. ಇತ್ತ ಅವುಗಳಿಗೆಂದೇ ನೇಮಿಸಿದ್ದ ನೂರಾರು ಪೈಲಟರು ಹಾರಲು ವಿಮಾನವಿಲ್ಲದೆ ಕುಳಿತರು. ಬೆಳೆಯುತ್ತಿರಬೇಕಾದ ಕಂಪೆನಿ ಬೆಳೆಯದೆ ನಿಂತರೆ ಏನಾಗುತ್ತದೆ ಎಂಬ ಮೇಲಿನ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ.

ಮೊದಲ ದೊಡ್ಡ ಹೂಡಿಕೆದಾರ ರಾಕೇಶ್ ಝುನ್‌ಝುನ್‌ವಾಲಾ ಹಾರಾಟ ಆರಂಭವಾದ ಒಂದೇ ವಾರದಲ್ಲಿ ತೀರಿಕೊಂಡರು. ಮುಂದಿನ ಹಣ ಎಲ್ಲಿಂದ ಎಂಬ ಪ್ರಶ್ನೆಗೆ 2025ರ ಫೆಬ್ರವರಿಯಲ್ಲಿ ಉತ್ತರ ಬಂತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಅವರ ಹೂಡಿಕೆ ಸಂಸ್ಥೆ, ಜೊತೆಗೆ ಮಣಿಪಾಲ ಸಮೂಹದ ಡಾ. ರಂಜನ್ ಪೈ ಅವರ ಕುಟುಂಬದ ಕ್ಲೇಪಾಂಡ್ ಸಂಸ್ಥೆ ಮುಂದೆ ಬಂದವು. ರಂಜನ್ ಪೈ ಅವರ ಅಜ್ಜ ಡಾ. ಟಿ.ಎಂ.ಎ. ಪೈ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರು. 1928ರಲ್ಲಿ ಪಿಗ್ಮಿ ಯೋಜನೆ ತಂದು, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆದು ಠೇವಣಿ ಬೆಳೆಸಿದ್ದು ಆ ಬ್ಯಾಂಕು.

ಕಿಂಗ್‌ಫಿಶರ್ ಕಾಲಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಈಗ ಬಂದದ್ದು ಷೇರು ಬಂಡವಾಳ. ಕಂಪೆನಿ ಸೋತರೆ ಈ ಹಣ ಹಾಕಿದವರದೇ ಹೋಗುತ್ತದೆ, ಬ್ಯಾಂಕಿನದಲ್ಲ. ಎರಡಾಣೆ ಕೂಡಿಸಿದವರ ಮೊಮ್ಮಕ್ಕಳಿಗೆ ಅಷ್ಟರಮಟ್ಟಿಗೆ ನೆಮ್ಮದಿ. ಆದರೆ ಶ್ರೀಮಂತ ಹೂಡಿಕೆದಾರನ ತಾಳ್ಮೆಗೂ ಗಡಿ ಇರುತ್ತದೆ. ವರ್ಷಕ್ಕೆ ಎರಡು ಸಾವಿರ ಕೋಟಿಯ ಹತ್ತಿರದ ನಷ್ಟವನ್ನು ಎಷ್ಟು ವರ್ಷ ತುಂಬಿಕೊಡಬಲ್ಲರು, ಅಷ್ಟರಲ್ಲಿ ಬೋಯಿಂಗ್ ಸಮಯಕ್ಕೆ ವಿಮಾನ ಕೊಟ್ಟೀತೇ, ತೈಲವೂ ಡಾಲರೂ ಸುಮ್ಮನಿರುವವೇ? ಆಕಾಸಾದ ಆಯುಷ್ಯ ನಿಂತಿರುವುದು ಇವುಗಳ ಮೇಲೆ. ಟಿಕೇಟಿಗೆ ಜನ ಇದ್ದಾರೆಯೇ ಎಂಬ ಪ್ರಶ್ನೆ ಡೆಕ್ಕನ್ ದಿನಗಳಲ್ಲೇ ತೀರ್ಮಾನವಾಗಿದೆ.

ವಿಮಾನ ಬಾಡಿಗೆ ಕೊಡುವವರಂತೂ ತಮ್ಮ ಎಚ್ಚರಿಕೆಯಲ್ಲಿದ್ದಾರೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪೆನಿ ನಿಂತಾಗ, ದಿವಾಳಿ ಕಾನೂನಿನ ತಡೆಯಿಂದಾಗಿ ಅವರ ವಿಮಾನಗಳು ತಿಂಗಳುಗಟ್ಟಲೆ ಇಲ್ಲೇ ಸಿಕ್ಕಿಬಿದ್ದಿದ್ದವು. ಬಾಡಿಗೆದಾರ ಸೋತರೆ ವಿಮಾನವನ್ನು ಬೇಗ ಮರಳಿ ಪಡೆಯಲು ಅನುಕೂಲವಾಗುವ ಕಾಯಿದೆ 2025ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಮುಂಗಡ ಟಿಕೇಟು ಕೊಂಡ ಪ್ರಯಾಣಿಕನಿಗೆ ಅಂಥ ರಕ್ಷಣೆಯಿಲ್ಲ. ಗೋ ಫಸ್ಟ್ ಟಿಕೇಟು ಕೊಂಡಿದ್ದವರು ತಮ್ಮ ಹಣ ವಾಪಸು ಕೇಳಲು ಬ್ಯಾಂಕು, ತಯಾರಕರು, ನಿಲ್ದಾಣದವರು ಇವರೆಲ್ಲರ ಜೊತೆ ಸಾಲಗಾರರ ಪಟ್ಟಿಯಲ್ಲಿ ಹೆಸರು ಬರೆಸಬೇಕಾಯಿತು.